ಒಂದೇ ಹೆಸರಿನಡಿ ಹಲವು ಹೃದಯಗಳು: ಅಮೆರಿಕದ ಹಿಸ್ಪ್ಯಾನಿಕ್ ಜನರ ಹೃದ್ರೋಗ ಕಲಿಸುವ ಪಾಠ

ಹೃದ್ರೋಗವು ಇಂದು ಜಗತ್ತಿನಲ್ಲಿ ಅತಿ ಹೆಚ್ಚು ಪ್ರಾಣಹಾನಿಗೆ ಕಾರಣವಾಗಿರುವ ಕಾಯಿಲೆ. ಅದಕ್ಕೆ ದೇಶ, ಭಾಷೆ, ಸಿರಿತನ, ಬಡತನಗಳ ಗಡಿಯಿಲ್ಲ. ಆದರೂ ಅದು ಎಲ್ಲ ಜನಸಮುದಾಯಗಳನ್ನೂ ಒಂದೇ ವಯಸ್ಸಿನಲ್ಲಿ, ಒಂದೇ ಪ್ರಮಾಣದಲ್ಲಿ, ಒಂದೇ ದಾರಿಯಿಂದ ಬಂದು ಬಾಧಿಸುವುದಿಲ್ಲ. ಕೆಲವರಲ್ಲಿ ರಕ್ತದೊತ್ತಡ ಮುಂದಾಗಿರುತ್ತದೆ, ಕೆಲವರಲ್ಲಿ ಮಧುಮೇಹ, ಇನ್ನು ಕೆಲವರಲ್ಲಿ ತಂಬಾಕು. ಈ ಭೇದಗಳನ್ನು ಅರಿಯದೆ ಎಲ್ಲರಿಗೂ ಒಂದೇ ಅಳತೆಗೋಲನ್ನು ಹಿಡಿದರೆ, ಯಾರಿಗೆ ಎಚ್ಚರಿಕೆ ಅತ್ಯಗತ್ಯವೋ ಅವರೇ ವೈದ್ಯರ ಕಣ್ಣಿಗೆ ಬೀಳದೆ ಹೋಗುತ್ತಾರೆ. ಈ ಸತ್ಯವನ್ನು ವೈದ್ಯಲೋಕಕ್ಕೆ ಸ್ಪಷ್ಟವಾಗಿ ತೋರಿಸಿಕೊಟ್ಟ ಸಮುದಾಯಗಳಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ನೆಲೆಸಿರುವ ಹಿಸ್ಪ್ಯಾನಿಕ್ ಜನರದು ಪ್ರಮುಖ ಸ್ಥಾನ.

ದೂರದ ದೇಶದ, ನಮಗೆ ಪರಿಚಯವಿಲ್ಲದ ಜನರ ಕಾಯಿಲೆಯ ವಿಚಾರ ನಮಗೇಕೆ ಎಂದು ಓದುಗರಿಗೆ ಅನ್ನಿಸಬಹುದು. ಸದ್ಭಕ್ತರ ಮನೆಗಳಲ್ಲಿ ಮಗನೋ ಮಗಳೋ ಅಮೆರಿಕದಲ್ಲಿ ನೆಲೆಸಿರುವುದು ಈಗ ಅಪರೂಪವೇನಲ್ಲ. ಅದೇ ನೆಲದಲ್ಲಿ, ಅದೇ ವೈದ್ಯಕೀಯ ವ್ಯವಸ್ಥೆಯಲ್ಲಿ ಬಾಳುತ್ತಿರುವ ಇನ್ನೊಂದು ವಲಸೆ ಸಮುದಾಯದ ಅನುಭವವು ನಮ್ಮ ಮಕ್ಕಳ ಬದುಕಿಗೂ ಕನ್ನಡಿ ಹಿಡಿಯುತ್ತದೆ. ಅಲ್ಲದೆ ಹಿಸ್ಪ್ಯಾನಿಕರನ್ನು ಅಧ್ಯಯನ ಮಾಡಿದ ವಿದ್ವಾಂಸರು ಕಂಡುಕೊಂಡ ತತ್ತ್ವವು ಭಾರತೀಯ ಮೂಲದವರಿಗೂ ನೇರವಾಗಿ ಅನ್ವಯಿಸುತ್ತದೆ. ಅದನ್ನು ಮುಂದೆ ವಿವರಿಸುತ್ತೇವೆ.

ಹಿಸ್ಪ್ಯಾನಿಕರು ಎಂದರೆ ಯಾರು?

ಹಿಸ್ಪ್ಯಾನಿಕ್ ಎಂಬುದು ಒಂದು ಕುಲದ ಹೆಸರಲ್ಲ, ಒಂದು ದೇಶದ ಹೆಸರೂ ಅಲ್ಲ. ಸ್ಪ್ಯಾನಿಷ್ ಭಾಷೆಯ ಪರಂಪರೆಯುಳ್ಳ ನಾಡುಗಳಿಂದ ಬಂದವರನ್ನೂ ಅವರ ಸಂತತಿಯವರನ್ನೂ ಒಟ್ಟಾಗಿ ಗುರುತಿಸಲು ಅಮೆರಿಕದ ಸರ್ಕಾರ ಬಳಸಿದ ಹೆಸರು ಅದು. 1980ರ ಜನಗಣತಿಯಲ್ಲಿ ದೇಶದ ಪ್ರತಿಯೊಬ್ಬರನ್ನೂ ಈ ಮೂಲದ ಬಗ್ಗೆ ಕೇಳಲಾಯಿತು. 2020ರ ಜನಗಣತಿಯ ಹೊತ್ತಿಗೆ ಇವರ ಸಂಖ್ಯೆ 6 ಕೋಟಿ 21 ಲಕ್ಷಕ್ಕೆ ಏರಿತ್ತು. ಅಂದರೆ ಆ ದೇಶದ ಪ್ರತಿ ಐವರಲ್ಲಿ ಹೆಚ್ಚುಕಡಿಮೆ ಒಬ್ಬರು ಹಿಸ್ಪ್ಯಾನಿಕ್ ಮೂಲದವರು. ಇವರಲ್ಲಿ ಹಲವರು ತಮ್ಮನ್ನು ಲ್ಯಾಟಿನೋ ಎಂದು ಕರೆದುಕೊಳ್ಳುತ್ತಾರೆ.

ಈ ಒಂದು ಹೆಸರಿನಡಿ ಬಹಳ ಭಿನ್ನವಾದ ಇತಿಹಾಸಗಳು ಅಡಗಿವೆ. ಸಂಖ್ಯೆಯಲ್ಲಿ ಅತಿ ದೊಡ್ಡ ಗುಂಪು ಮೆಕ್ಸಿಕೊ ಮೂಲದವರದು. ಇವರಲ್ಲಿ ಕೆಲವರ ಪೂರ್ವಜರು ಎಲ್ಲಿಂದಲೂ ವಲಸೆ ಬಂದವರಲ್ಲ. 1848ರ ಒಪ್ಪಂದದಲ್ಲಿ ಮೆಕ್ಸಿಕೊದ ವಿಶಾಲ ಭೂಭಾಗ ಅಮೆರಿಕಕ್ಕೆ ಸೇರಿದಾಗ ಅವರು ಇದ್ದಲ್ಲಿಯೇ ಬೇರೆ ದೇಶದವರಾದರು. ಕೆರಿಬಿಯನ್ ದ್ವೀಪವಾದ ಪೋರ್ಟೊರಿಕೊದ ಜನರು 1917ರಿಂದ ಅಮೆರಿಕದ ಪೌರರೇ ಆಗಿದ್ದಾರೆ. ಕ್ಯೂಬಾದವರಲ್ಲಿ ಬಹುಪಾಲು ಜನರು 1959ರ ಕ್ರಾಂತಿಯ ಬಳಿಕ ನಾಡು ತೊರೆದು ಫ್ಲಾರಿಡಾ ರಾಜ್ಯವನ್ನು ಸೇರಿದವರು ಮತ್ತು ಅವರ ಮಕ್ಕಳು. ಇವರಲ್ಲದೆ ಡೊಮಿನಿಕನ್ ಗಣರಾಜ್ಯದವರು, ಎಲ್ ಸಾಲ್ವಡಾರ್, ಗ್ವಾಟೆಮಾಲಾ ಮೊದಲಾದ ಮಧ್ಯ ಅಮೆರಿಕದವರು, ಕೊಲಂಬಿಯಾ, ಪೆರು, ಈಕ್ವೆಡಾರ್ ಮೊದಲಾದ ದಕ್ಷಿಣ ಅಮೆರಿಕದವರು ಇದ್ದಾರೆ. ಅಮೆರಿಕ ಖಂಡದ ಮೂಲನಿವಾಸಿಗಳು, ಯುರೋಪಿನವರು, ಗುಲಾಮರಾಗಿ ತರಲ್ಪಟ್ಟ ಆಫ್ರಿಕನ್ನರು, ಹೀಗೆ ಮೂರು ಮೂಲಗಳ ರಕ್ತ ಇವರೆಲ್ಲರಲ್ಲೂ ಬೇರೆ ಬೇರೆ ಪ್ರಮಾಣದಲ್ಲಿ ಬೆರೆತಿದೆ. ಊಟ, ಉದ್ಯೋಗ, ವಿದ್ಯೆ, ಆದಾಯ ಎಲ್ಲವೂ ಬೇರೆ. ಇಷ್ಟು ವೈವಿಧ್ಯವಿರುವ ಜನರನ್ನು ಆರೋಗ್ಯದ ದಾಖಲೆಗಳು ಬಹುಕಾಲ ಒಂದೇ ಕಂಬಸಾಲಿನಲ್ಲಿ ಬರೆದಿಟ್ಟವು.

1986ರ ಒಗಟು

ಟೆಕ್ಸಾಸಿನ ವಿದ್ವಾಂಸರಾದ ಕಿರಿಯಾಕೋಸ್ ಮಾರ್ಕಿಡೆಸ್ ಮತ್ತು ಜೀನಿನ್ ಕೊರೀಲ್ ಅವರು 1986ರಲ್ಲಿ ಒಂದು ಲೇಖನವನ್ನು ಪ್ರಕಟಿಸಿದರು. ಅಮೆರಿಕದ ನೈಋತ್ಯ ಭಾಗದಲ್ಲಿದ್ದ ಹಿಸ್ಪ್ಯಾನಿಕರು, ಅಂದರೆ ಬಹುಮಟ್ಟಿಗೆ ಮೆಕ್ಸಿಕೊ ಮೂಲದವರು, ಬಡತನದಲ್ಲಿಯೂ ವಿದ್ಯಾಭ್ಯಾಸದ ಕೊರತೆಯಲ್ಲಿಯೂ ಕಪ್ಪು ಜನರಿಗೆ ಸಮೀಪವಾಗಿದ್ದರು. ಬಡತನವಿದ್ದಲ್ಲಿ ರೋಗವೂ ಸಾವೂ ಹೆಚ್ಚೆಂಬುದು ಲೋಕದ ಅನುಭವ. ಆದರೆ ಇವರ ಶಿಶುಮರಣ, ಆಯುಷ್ಯ, ಹೃದ್ರೋಗದ ಮರಣ ಇವೆಲ್ಲವೂ ಅನುಕೂಲಸ್ಥರಾದ ಬಿಳಿಯರಿಗೆ ಸಮೀಪವಾಗಿದ್ದವು. ಮಧುಮೇಹ ಮತ್ತು ಬೊಜ್ಜು ಹೆಚ್ಚಾಗಿದ್ದರೂ ಹೃದ್ರೋಗದ ಸಾವು ಹೆಚ್ಚಿರಲಿಲ್ಲ. ಈ ವಿರೋಧಾಭಾಸವೇ ಮುಂದೆ ‘ಹಿಸ್ಪ್ಯಾನಿಕ್ ಒಗಟು’ ಎಂದು ಹೆಸರಾಯಿತು.

ಒಗಟು ಕೇವಲ ಒಂದು ಪ್ರದೇಶಕ್ಕೆ ಸೀಮಿತವಾಗಿರಲಿಲ್ಲ. 2013ರಲ್ಲಿ 58 ಅಧ್ಯಯನಗಳ ಫಲಿತಾಂಶವನ್ನು ಒಟ್ಟುಗೂಡಿಸಿ ನೋಡಿದಾಗ, ಇತರ ಸಮುದಾಯಗಳಿಗೆ ಹೋಲಿಸಿದರೆ ಹಿಸ್ಪ್ಯಾನಿಕರ ಮರಣದ ಅಪಾಯ ಶೇ. 17.5ರಷ್ಟು ಕಡಿಮೆಯೆಂದು ತಿಳಿದುಬಂದಿತು. 2019ರಲ್ಲಿ ಹುಟ್ಟಿದ ಹಿಸ್ಪ್ಯಾನಿಕ್ ಮಗುವಿನ ನಿರೀಕ್ಷಿತ ಆಯುಷ್ಯ 81.9 ವರ್ಷ, ಬಿಳಿಯರದು 78.8 ವರ್ಷ.

ಇಂತಹ ಅಂಕಿಗಳನ್ನು ಓದುವಾಗ ಒಂದು ಎಚ್ಚರ ಅವಶ್ಯ. ಹಿಸ್ಪ್ಯಾನಿಕ್ ಸಮುದಾಯವು ಬಿಳಿಯರ ಸಮುದಾಯಕ್ಕಿಂತ ವಯಸ್ಸಿನಲ್ಲಿ ಬಹಳ ಎಳೆಯದು. ದುಡಿಯುವ ಹರೆಯದವರೆಲ್ಲ ನಗರ ಸೇರಿ, ಹಿರಿಯರು ಮಾತ್ರ ಉಳಿದಿರುವ ಒಂದು ಹಳ್ಳಿಯನ್ನು ಊಹಿಸಿಕೊಳ್ಳೋಣ. ಅಲ್ಲಿ ಸಾವಿನ ಸಂಖ್ಯೆ ಹೆಚ್ಚಿರುವುದರಿಂದ ಆ ಊರಿನ ನೀರು-ಗಾಳಿ ಕೆಟ್ಟಿದೆಯೆಂದು ಹೇಳಿದರೆ ತಪ್ಪಾದೀತು. ಆದ್ದರಿಂದ ಎರಡು ಸಮುದಾಯಗಳ ಸಾವನ್ನು ಹೋಲಿಸುವಾಗ ತಜ್ಞರು ವಯಸ್ಸಿಗೆ ತಕ್ಕಂತೆ ಲೆಕ್ಕವನ್ನು ಸರಿಹೊಂದಿಸುತ್ತಾರೆ; ಅರವತ್ತರ ಹಿರಿಯನನ್ನು ಅರವತ್ತರವನೊಡನೆಯೇ ತೂಗುತ್ತಾರೆ. ಹೀಗೆ ಸರಿಹೊಂದಿಸಿದ ಮೇಲೂ ಹಿಸ್ಪ್ಯಾನಿಕರ ಸಾವು ಕಡಿಮೆಯಾಗಿಯೇ ಕಂಡಿತು. ಹಾಗಾಗಿ ಬೇರೆ ಉತ್ತರ ಹುಡುಕಬೇಕಾಯಿತು.

ಒಗಟಿಗೆ ದೊರೆತ ಉತ್ತರಗಳು

ಮೊದಲನೆಯ ಉತ್ತರ, ಗಟ್ಟಿಮುಟ್ಟಾದವರೇ ವಲಸೆ ಹೋಗುತ್ತಾರೆ ಎಂಬುದು. ಊರು ಬಿಟ್ಟು, ಗಡಿ ದಾಟಿ, ಹೊಲದಲ್ಲಿಯೋ ಕಟ್ಟಡದ ಕೆಲಸದಲ್ಲಿಯೋ ದುಡಿದು ಮನೆಗೆ ಹಣ ಕಳಿಸುವ ಸಾಹಸಕ್ಕೆ ರೋಗಿಷ್ಠರು ಕೈಹಾಕುವುದಿಲ್ಲ. ಆದುದರಿಂದ ವಲಸೆ ಬಂದವರ ಆರೋಗ್ಯ ಆರಂಭದಲ್ಲಿ ಉತ್ತಮವಾಗಿಯೇ ಇರುತ್ತದೆ.

ಎರಡನೆಯದು, ಕೊನೆಗಾಲಕ್ಕೆ ಹುಟ್ಟೂರಿಗೆ ಮರಳುವ ಬಯಕೆ. ಸಾಲ್ಮನ್ ಎಂಬ ಮೀನು ಬದುಕಿನ ಕೊನೆಯಲ್ಲಿ ತಾನು ಹುಟ್ಟಿದ ಹೊಳೆಗೆ ಹಿಂದಿರುಗುತ್ತದೆ. ಅದರ ಹೆಸರನ್ನೇ ಈ ವಾದಕ್ಕೆ ಇಟ್ಟಿದ್ದಾರೆ. ಕಾಯಿಲೆ ಬಿದ್ದವರು ತಾಯ್ನಾಡಿಗೆ ಹೋಗಿ ಅಲ್ಲಿ ಕೊನೆಯುಸಿರೆಳೆದರೆ ಆ ಸಾವು ಅಮೆರಿಕದ ದಾಖಲೆಗೆ ಸೇರುವುದಿಲ್ಲ. ಕಾಗದದ ಮೇಲೆ ಅವರು ಬದುಕಿಯೇ ಇರುತ್ತಾರೆ. ಆದರೆ 1999ರಲ್ಲಿ ಪ್ರಕಟವಾದ ಒಂದು ಅಧ್ಯಯನವು ಈ ವಾದವನ್ನು ಒರೆಗೆ ಹಚ್ಚಿತು. ಕ್ಯೂಬಾದವರಿಗೆ ರಾಜಕೀಯ ಕಾರಣದಿಂದ ಮರಳುವ ದಾರಿಯೇ ಇರಲಿಲ್ಲ. ಪೋರ್ಟೊರಿಕೊದಲ್ಲಿ ಸಂಭವಿಸುವ ಸಾವು ಅಮೆರಿಕದ ದಾಖಲೆಗೇ ಸೇರುತ್ತದೆ. ಈ ಎರಡು ಗುಂಪುಗಳಲ್ಲಿಯೂ ಮರಣ ಪ್ರಮಾಣ ಕಡಿಮೆಯಾಗಿಯೇ ಕಂಡಿತು. ಎಂದರೆ ಮರಳಿ ಹೋಗುವಿಕೆಯೊಂದರಿಂದಲೇ ಒಗಟು ಬಿಡಿಸಲಾಗದು.

ಮೂರನೆಯದು ತಂಬಾಕು. ಹಿಸ್ಪ್ಯಾನಿಕರು ಒಟ್ಟಾರೆಯಾಗಿ ಬಿಳಿಯರಿಗಿಂತ ಕಡಿಮೆ ಧೂಮಪಾನ ಮಾಡುತ್ತಾ ಬಂದಿದ್ದಾರೆ. ಸೇದುವವರೂ ದಿನಕ್ಕೆ ಸೇದುವ ಸಿಗರೇಟುಗಳ ಸಂಖ್ಯೆ ಕಡಿಮೆ. ಐವತ್ತು ವರ್ಷ ದಾಟಿದವರ ಆಯುಷ್ಯದಲ್ಲಿ ಕಾಣುವ ಅಂತರದ ಮುಕ್ಕಾಲು ಭಾಗಕ್ಕೂ ಮಿಗಿಲಾದುದನ್ನು ಧೂಮಪಾನದ ವ್ಯತ್ಯಾಸವೇ ವಿವರಿಸುತ್ತದೆಂದು 2011ರ ಒಂದು ಅಧ್ಯಯನ ಲೆಕ್ಕಹಾಕಿತು. ಇದು ನಾವು ಮನಸ್ಸಿನಲ್ಲಿ ಗಟ್ಟಿಯಾಗಿ ಇಟ್ಟುಕೊಳ್ಳಬೇಕಾದ ಸಂಗತಿ. ವಿಸ್ಮಯವೆಂದು ತೋರಿದ ದೀರ್ಘಾಯುಷ್ಯದ ಬಹುದೊಡ್ಡ ಗುಟ್ಟು ಒಂದು ದುಶ್ಚಟದಿಂದ ದೂರವಿದ್ದುದೇ ಆಗಿತ್ತು.

ನಾಲ್ಕನೆಯದು ಕೂಡುಕುಟುಂಬ, ನೆರೆಹೊರೆ ಮತ್ತು ದೈವಭಕ್ತಿಯ ಬಲ. ಅಜ್ಜ-ಅಜ್ಜಿಯರೊಡನೆ ಬಾಳುವುದು, ಕಷ್ಟಕ್ಕೆ ಬಂಧುಗಳು ಒದಗುವುದು, ತಮ್ಮವರೇ ಇರುವ ಕೇರಿಯಲ್ಲಿ ವಾಸಿಸುವುದು ಇವೆಲ್ಲ ಮನಸ್ಸಿನ ಭಾರವನ್ನು ತಗ್ಗಿಸಿ ಹೃದಯವನ್ನು ಕಾಯುತ್ತವೆಂದು ಹಲವು ಸಂಶೋಧಕರು ಭಾವಿಸುತ್ತಾರೆ. ಇದನ್ನು ತಂಬಾಕಿನಂತೆ ಅಳೆದು ತೋರಿಸುವುದು ಸುಲಭವಲ್ಲ, ಆದರೂ ತಳ್ಳಿಹಾಕುವಂಥದ್ದಲ್ಲ.

ಐದನೆಯದು ದಾಖಲೆಯ ದೋಷ. ಮರಣಪತ್ರದಲ್ಲಿ ಸತ್ತವರ ಮೂಲವನ್ನು ಬರೆಯುವವರು ಬೇರೆಯವರು. ಹೀಗಾಗಿ ಹಿಸ್ಪ್ಯಾನಿಕರಾಗಿದ್ದ ಕೆಲವರು ಸಾವಿನ ನಂತರ ಬೇರೆ ಪಟ್ಟಿಗೆ ಸೇರಿಹೋಗುತ್ತಾರೆ. ಸಾವಿನ ಕಾರಣವನ್ನು ಬರೆಯುವಲ್ಲಿಯೂ ತಪ್ಪುಗಳಾಗುತ್ತವೆ. ಟೆಕ್ಸಾಸಿನ ಕಾರ್ಪಸ್ ಕ್ರಿಸ್ಟಿ ನಗರದಲ್ಲಿ ಸಂಶೋಧಕರು ಮರಣಪತ್ರವನ್ನಷ್ಟೇ ನಂಬದೆ ವೈದ್ಯಕೀಯ ದಾಖಲೆಗಳನ್ನೂ ಪರಿಶೀಲಿಸಿ ಪ್ರತಿಯೊಂದು ಸಾವಿನ ಕಾರಣವನ್ನು ನಿರ್ಧರಿಸಿದರು. 2001ರಲ್ಲಿ ಅವರು ಪ್ರಕಟಿಸಿದ ಫಲಿತಾಂಶ ಒಗಟಿಗೆ ವಿರುದ್ಧವಾಗಿತ್ತು: ಹೃದಯದ ರಕ್ತನಾಳಗಳ ಕಾಯಿಲೆಯಿಂದಾಗುವ ಸಾವು ಮೆಕ್ಸಿಕೊ ಮೂಲದವರಲ್ಲಿ ಬಿಳಿಯರಷ್ಟೇ ಅಥವಾ ಅದಕ್ಕಿಂತ ಹೆಚ್ಚಾಗಿತ್ತು. ಅದೇ ರಾಜ್ಯದ ಸ್ಯಾನ್ ಆಂಟೋನಿಯೊ ನಗರದಲ್ಲಿ 1979ರಿಂದ ನಡೆದುಬಂದ ಅಧ್ಯಯನವೂ, ಅಮೆರಿಕದಲ್ಲಿಯೇ ಹುಟ್ಟಿದ ಮೆಕ್ಸಿಕೊ ಮೂಲದವರಿಗೆ ಅಂತಹ ರಕ್ಷಣೆಯೇನೂ ಇಲ್ಲವೆಂದು ತೋರಿಸಿತು.

ಗುಂಪಿನೊಳಗಿನ ಗುಂಪುಗಳು

ಇಷ್ಟರಲ್ಲಿ ವಿದ್ವಾಂಸರಿಗೆ ಒಂದು ಮಾತು ಹೊಳೆದಿತ್ತು. ಪ್ರಶ್ನೆಯನ್ನೇ ತಪ್ಪಾಗಿ ಕೇಳುತ್ತಿದ್ದೇವೆಯೇ? ಎಲ್ಲ ಹಿಸ್ಪ್ಯಾನಿಕರನ್ನೂ ಒಂದೆಂದು ಎಣಿಸಿ, ಅವರು ಬಿಳಿಯರಿಗಿಂತ ಮೇಲೋ ಕೆಳಗೋ ಎಂದು ನೋಡುವುದರಿಂದ ಏನು ಪ್ರಯೋಜನ? ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ನೆರವಿನಿಂದ 2008ರಿಂದ 2011ರವರೆಗೆ ಒಂದು ಮಹತ್ತ್ವದ ಅಧ್ಯಯನಕ್ಕೆ ಜನರನ್ನು ಸೇರಿಸಿಕೊಳ್ಳಲಾಯಿತು. ನ್ಯೂಯಾರ್ಕಿನ ಬ್ರಾಂಕ್ಸ್, ಶಿಕಾಗೊ, ಮಯಾಮಿ ಮತ್ತು ಸ್ಯಾನ್ ಡಿಯಾಗೊ ಎಂಬ ನಾಲ್ಕು ಕಡೆಗಳಲ್ಲಿ 18ರಿಂದ 74 ವರ್ಷದೊಳಗಿನ 16,415 ಮಂದಿಯನ್ನು ಪರೀಕ್ಷಿಸಲಾಯಿತು. ಕ್ಯೂಬಾ, ಡೊಮಿನಿಕನ್, ಮೆಕ್ಸಿಕೊ, ಪೋರ್ಟೊರಿಕೊ, ಮಧ್ಯ ಅಮೆರಿಕ, ದಕ್ಷಿಣ ಅಮೆರಿಕ ಎಂದು ಅವರ ಮೂಲವನ್ನು ಪ್ರತ್ಯೇಕವಾಗಿ ಬರೆದುಕೊಂಡದ್ದೇ ಈ ಅಧ್ಯಯನದ ಹಿರಿಮೆ.

2012ರಲ್ಲಿ ಹೊರಬಂದ ಮೊದಲ ಫಲಿತಾಂಶಗಳು, ಹಿಸ್ಪ್ಯಾನಿಕರ ಹೃದಯ ಸುರಕ್ಷಿತವೆಂಬ ನಂಬಿಕೆಯನ್ನು ಅಲುಗಾಡಿಸಿದವು. ಹೃದ್ರೋಗಕ್ಕೆ ದಾರಿಮಾಡುವ ಐದು ಪ್ರಮುಖ ಅಂಶಗಳೆಂದರೆ ಅಧಿಕ ಕೊಲೆಸ್ಟರಾಲ್, ಅಧಿಕ ರಕ್ತದೊತ್ತಡ, ಬೊಜ್ಜು, ಮಧುಮೇಹ ಮತ್ತು ಧೂಮಪಾನ. ಪುರುಷರಲ್ಲಿ ಶೇ. 80 ಮಂದಿಗೂ ಸ್ತ್ರೀಯರಲ್ಲಿ ಶೇ. 71 ಮಂದಿಗೂ ಇವುಗಳಲ್ಲಿ ಒಂದಾದರೂ ಇತ್ತು. ಪುರುಷರಲ್ಲಿ ಅರ್ಧಕ್ಕಿಂತ ತುಸು ಹೆಚ್ಚು ಮಂದಿಗೆ ಕೊಲೆಸ್ಟರಾಲ್ ಅಧಿಕವಾಗಿತ್ತು, ಸ್ತ್ರೀಯರಲ್ಲಿ ಶೇ. 40ಕ್ಕೂ ಹೆಚ್ಚು ಮಂದಿಗೆ ಬೊಜ್ಜು ಇತ್ತು.

ಗುಂಪುಗಳನ್ನು ಬಿಡಿಸಿ ನೋಡಿದಾಗ ಚಿತ್ರವೇ ಬೇರೆಯಾಯಿತು. ಪೋರ್ಟೊರಿಕೊ ಮೂಲದವರಲ್ಲಿ ನಾಲ್ವರಿಗೆ ಒಬ್ಬರಂತೆ ಮೂರು ಅಥವಾ ಹೆಚ್ಚು ಅಪಾಯಕಾರಕ ಅಂಶಗಳು ಒಟ್ಟಿಗೇ ಮನೆಮಾಡಿದ್ದವು. ಅವರಲ್ಲಿ ಪುರುಷರಿರಲಿ ಸ್ತ್ರೀಯರಿರಲಿ ಮೂವರಿಗೆ ಒಬ್ಬರಂತೆ ಧೂಮಪಾನಿಗಳಾಗಿದ್ದರು. ಕ್ಯೂಬಾ ಮೂಲದ ಪುರುಷರಲ್ಲಿಯೂ ಈ ಚಟ ಹೆಚ್ಚಾಗಿತ್ತು. ಡೊಮಿನಿಕನ್ ಮೂಲದವರಲ್ಲಿ ಧೂಮಪಾನ ಬಹಳ ಕಡಿಮೆಯಿತ್ತು. ಆದರೆ ರಕ್ತದೊತ್ತಡದಲ್ಲಿ ಅವರು ಕ್ಯೂಬಾ ಮತ್ತು ಪೋರ್ಟೊರಿಕೊದವರ ಸಾಲಿಗೇ ಸೇರಿದರು. ಮಧುಮೇಹ ಮೆಕ್ಸಿಕೊ ಮೂಲದವರಲ್ಲಿ ಶೇ. 18.3 ಇದ್ದರೆ, ಡೊಮಿನಿಕನ್ ಮತ್ತು ಪೋರ್ಟೊರಿಕೊ ಮೂಲದವರಲ್ಲಿ ಶೇ. 18.1, ಕ್ಯೂಬಾದವರಲ್ಲಿ ಶೇ. 13.4, ದಕ್ಷಿಣ ಅಮೆರಿಕದವರಲ್ಲಿ ಶೇ. 10.2 ಮಾತ್ರ. ಶೇ. 16.9 ಎಂಬ ಒಟ್ಟು ಸರಾಸರಿಯೊಂದನ್ನೇ ನೋಡಿದವರಿಗೆ ಈ ಅಂತರ ಗೋಚರಿಸುತ್ತಲೇ ಇರಲಿಲ್ಲ.

ಇನ್ನೂ ಕಳವಳಕಾರಿಯಾದುದೆಂದರೆ, ಮಧುಮೇಹವಿದ್ದವರಲ್ಲಿ ಸುಮಾರು ಶೇ. 59 ಮಂದಿಗೆ ಮಾತ್ರ ತಮಗೆ ಆ ಕಾಯಿಲೆಯಿರುವುದು ಗೊತ್ತಿತ್ತು. ಅರ್ಧದಷ್ಟು ಮಂದಿಗೆ ಮಾತ್ರ ಆರೋಗ್ಯ ವಿಮೆಯಿತ್ತು. ವಿಮೆಯಿಲ್ಲದೆ ವೈದ್ಯರ ಬಳಿಗೆ ಹೋಗುವುದು ಅತಿ ದುಬಾರಿಯಾದ ಆ ದೇಶದಲ್ಲಿ, ಕಾಯಿಲೆ ಗೊತ್ತಾಗದೆ ಉಳಿಯುವುದು ಅಚ್ಚರಿಯಲ್ಲ.

ಸಾವಿನ ಲೆಕ್ಕದಲ್ಲಿಯೂ ಇದೇ ಭೇದ ಕಂಡಿತು. 2003ರಿಂದ 2012ರವರೆಗಿನ ಮರಣ ದಾಖಲೆಗಳನ್ನು ಮೂಲದ ಪ್ರಕಾರ ಬಿಡಿಸಿ ನೋಡಿದ ಸಂಶೋಧಕರಿಗೆ, ಹೃದಯದ ರಕ್ತನಾಳಗಳ ಕಾಯಿಲೆಯಿಂದ ಪೋರ್ಟೊರಿಕೊ ಮೂಲದವರಲ್ಲಿ ಆಗುವ ಸಾವು ಮೆಕ್ಸಿಕೊ ಮೂಲದವರಿಗಿಂತ ಹೆಚ್ಚೆಂದು ತಿಳಿಯಿತು. ಮೆಕ್ಸಿಕೊ ಮತ್ತು ಪೋರ್ಟೊರಿಕೊ ಮೂಲದವರು ಹೃದ್ರೋಗದಿಂದ ಸಾಯುವಾಗ ಬಿಳಿಯರಿಗಿಂತ ಕಿರಿಯ ವಯಸ್ಸಿನವರಾಗಿರುತ್ತಿದ್ದರು. ಒಟ್ಟು ಸಾವು ಕಡಿಮೆಯೆಂಬ ಸಮಾಧಾನದ ಹಿಂದೆ, ಎಳೆಯ ಮಕ್ಕಳಿರುವಾಗಲೇ ದುಡಿಯುವ ಯಜಮಾನನನ್ನು ಕಳೆದುಕೊಂಡ ಮನೆಗಳು ಅಡಗಿದ್ದವು.

ರಕ್ತದ ಗುಣವೋ, ಬಾಳಿನ ರೀತಿಯೋ?

ಹುಟ್ಟಿನಿಂದ ಮನುಷ್ಯನನ್ನು ಅಳೆಯಲಾಗದೆಂಬುದು ಹನ್ನೆರಡನೆಯ ಶತಮಾನದ ಶರಣರ ದೃಢವಾದ ನಿಲುವು. ಹಾಗಿರುವಾಗ ವೈದ್ಯರು ರೋಗಿಯ ಮೂಲವನ್ನು ವಿಚಾರಿಸುವುದು ಯುಕ್ತವೇ ಎಂಬ ಪ್ರಶ್ನೆ ಭಕ್ತರ ಮನದಲ್ಲಿ ಮೂಡುವುದು ಸಹಜ. ಮೇಲು-ಕೀಳೆಂದು ವಿಂಗಡಿಸಲು ಕೇಳುವ ಮೂಲ ಬೇರೆ, ಆರೈಕೆ ಮಾಡಲು ಕೇಳುವ ಮೂಲ ಬೇರೆ. ಮೊದಲನೆಯದು ಮನುಷ್ಯನನ್ನು ದೂರವಿಡುತ್ತದೆ. ಎರಡನೆಯದು ಅವನ ಅಗತ್ಯವನ್ನು ಹತ್ತಿರದಿಂದ ಕಾಣಲು ನೆರವಾಗುತ್ತದೆ.

ಮೂಲದ ಪ್ರಭಾವದಲ್ಲಿ ಆನುವಂಶಿಕತೆಗೆ ಒಂದು ಪಾಲಿದೆ. ಮೆಕ್ಸಿಕೊ ಮತ್ತು ಇತರ ಲ್ಯಾಟಿನ್ ಅಮೆರಿಕ ಮೂಲದವರಲ್ಲಿ ಹೆಚ್ಚಾಗಿ ಕಾಣುವ ಒಂದು ವಂಶವಾಹಿ ಭೇದವು ಮಧುಮೇಹದ ಸಾಧ್ಯತೆಯನ್ನು ಹೆಚ್ಚಿಸುತ್ತದೆಂದು ಸುಮಾರು ಒಂದು ದಶಕದ ಹಿಂದೆ ಪತ್ತೆಯಾಗಿದೆ. ಆದರೆ ಕಥೆಯ ದೊಡ್ಡ ಪಾಲು ಬಾಳಿನ ರೀತಿಯದು. ಮೇಲೆ ಹೇಳಿದ ನಾಲ್ಕು ನಗರಗಳ ಅಧ್ಯಯನದಲ್ಲಿ, ಅಮೆರಿಕದಲ್ಲಿ ಕಳೆದ ವರ್ಷಗಳು ಹೆಚ್ಚಿದಂತೆ ಮಧುಮೇಹವೂ ಹೆಚ್ಚಾಗಿ ಕಂಡಿತು. ವಿದ್ಯೆ ಮತ್ತು ಆದಾಯ ಹೆಚ್ಚಿದ್ದವರಲ್ಲಿ ಅದು ಕಡಿಮೆಯಿತ್ತು. ಅಲ್ಲಿಯೇ ಹುಟ್ಟಿದವರಲ್ಲಿ ಅಥವಾ ಹತ್ತು ವರ್ಷಕ್ಕೂ ಹೆಚ್ಚು ನೆಲೆಸಿದವರಲ್ಲಿ ಹೃದ್ರೋಗ ಮತ್ತು ಪಾರ್ಶ್ವವಾಯು ಅಧಿಕವಾಗಿದ್ದವು. ಮೆಕ್ಸಿಕೊದ ಹಳ್ಳಿಯ ಊಟದಲ್ಲಿ ಮೆಕ್ಕೆಜೋಳದ ರೊಟ್ಟಿ, ಹುರುಳಿಕಾಯಿ ಬೀಜದಂತಹ ಕಾಳು, ಕುಂಬಳ, ಮೆಣಸಿನಕಾಯಿಗಳೇ ಮುಖ್ಯ. ವಲಸೆಯ ನಂತರ ಅವುಗಳ ಜಾಗದಲ್ಲಿ ಸಿಹಿ ಪಾನೀಯ, ಕಾರ್ಖಾನೆಯ ತಿನಿಸು, ಕರಿದ ಮಾಂಸ ಬಂದು ಕುಳಿತವು. ಮೈಮುರಿದು ನಡೆಯುತ್ತಿದ್ದವರು ಕಾರಿನಲ್ಲಿ ಕುಳಿತರು. ಅಜ್ಜಿಯೊಡನೆ ಬೆಳೆದ ತಲೆಮಾರಿಗಿದ್ದ ರಕ್ಷಣೆಯು ಮೊಮ್ಮಕ್ಕಳಿಗೆ ಉಳಿಯಲಿಲ್ಲ.

ಈ ರಕ್ಷಣೆ ಎಷ್ಟು ತೆಳುವಾದುದೆಂಬುದನ್ನು ಕೋವಿಡ್ ತೋರಿಸಿತು. ಮಾಂಸ ಸಂಸ್ಕರಣೆ, ಕೃಷಿ, ಕಟ್ಟಡ ನಿರ್ಮಾಣ ಮೊದಲಾದ ಮನೆಯಲ್ಲಿ ಕುಳಿತು ಮಾಡಲಾಗದ ಕೆಲಸಗಳಲ್ಲಿ ಹಿಸ್ಪ್ಯಾನಿಕರೇ ಹೆಚ್ಚಾಗಿದ್ದರು. 2019ರಿಂದ 2021ರೊಳಗೆ ಅವರ ನಿರೀಕ್ಷಿತ ಆಯುಷ್ಯ ನಾಲ್ಕು ವರ್ಷಗಳಷ್ಟು ಕುಸಿಯಿತು.

ನಮ್ಮವರಿಗೆ ಇದರ ಸಂಬಂಧ

ಅಮೆರಿಕದ ವೈದ್ಯರು ಮುಂದಿನ ಹತ್ತು ವರ್ಷಗಳಲ್ಲಿ ಒಬ್ಬರಿಗೆ ಹೃದಯಾಘಾತವಾಗುವ ಸಾಧ್ಯತೆಯೆಷ್ಟೆಂದು ಲೆಕ್ಕಹಾಕಲು 2013ರಿಂದ ಒಂದು ಸೂತ್ರವನ್ನು ಬಳಸಿದರು. ಅದನ್ನು ಬಿಳಿಯರು ಮತ್ತು ಕಪ್ಪು ಜನರ ಮಾಹಿತಿಯಿಂದ ರೂಪಿಸಲಾಗಿತ್ತು. ಆ ಸೂತ್ರವು ಮೆಕ್ಸಿಕೊ ಮೂಲದವರ ಅಪಾಯವನ್ನು ಇರುವುದಕ್ಕಿಂತ ಹೆಚ್ಚಾಗಿಯೂ, ಪೋರ್ಟೊರಿಕೊ ಮೂಲದವರ ಮತ್ತು ದಕ್ಷಿಣ ಏಷ್ಯಾದವರ ಅಪಾಯವನ್ನು ಇರುವುದಕ್ಕಿಂತ ಕಡಿಮೆಯಾಗಿಯೂ ತೋರಿಸಬಹುದೆಂದು ಅದನ್ನು ರೂಪಿಸಿದವರೇ ಎಚ್ಚರಿಸಿದ್ದರು. ದಕ್ಷಿಣ ಏಷ್ಯಾದವರು ಎಂದರೆ ಭಾರತ, ಪಾಕಿಸ್ತಾನ, ಬಾಂಗ್ಲಾದೇಶ, ಶ್ರೀಲಂಕಾ ಮತ್ತು ನೇಪಾಳ ಮೂಲದವರು, ಅಂದರೆ ನಮ್ಮವರು. ಕೆರಿಬಿಯನ್ ದ್ವೀಪದ ಜನರೂ ಕನ್ನಡ ನಾಡಿನ ಜನರೂ ಒಂದೇ ಎಚ್ಚರಿಕೆಯ ಸಾಲಿನಲ್ಲಿ ಸೇರಿದುದು ಹೀಗೆ. 2018ರ ಮಾರ್ಗಸೂಚಿಯಂತೂ ದಕ್ಷಿಣ ಏಷ್ಯಾ ಮೂಲವನ್ನೇ ಅಪಾಯ ಹೆಚ್ಚಿಸುವ ಅಂಶಗಳ ಪಟ್ಟಿಯಲ್ಲಿ ಸೇರಿಸಿತು.

ಹಿಸ್ಪ್ಯಾನಿಕ್ ಎಂಬ ಹೆಸರು ಮಾಡಿದ ಮರೆಯನ್ನೇ ಅಮೆರಿಕದಲ್ಲಿ ‘ಏಷ್ಯನ್’ ಎಂಬ ಹೆಸರೂ ಮಾಡಿತು. ಚೀನಾ, ಜಪಾನ್ ಮೂಲದವರಲ್ಲಿ ಹೃದ್ರೋಗ ಕಡಿಮೆ. ಅವರೊಡನೆ ಭಾರತೀಯರನ್ನೂ ಸೇರಿಸಿ ಸರಾಸರಿ ತೆಗೆದಾಗ ಏಷ್ಯನ್ನರೆಲ್ಲರೂ ಆರೋಗ್ಯವಂತರೆಂಬ ಚಿತ್ರ ಮೂಡಿತು. ಶಿಕಾಗೊ ಮತ್ತು ಸ್ಯಾನ್ ಫ್ರಾನ್ಸಿಸ್ಕೊ ಪ್ರದೇಶಗಳಲ್ಲಿ 2010ರಿಂದ ದಕ್ಷಿಣ ಏಷ್ಯಾದವರನ್ನೇ ಪ್ರತ್ಯೇಕವಾಗಿ ಪರೀಕ್ಷಿಸಿದ ‘ಮಸಾಲಾ’ ಎಂಬ ಹೆಸರಿನ ಅಧ್ಯಯನ ಈ ಮರೆಯನ್ನು ಸರಿಸಿತು. ವಯಸ್ಸಿನ ವ್ಯತ್ಯಾಸವನ್ನು ಸರಿಹೊಂದಿಸಿದ ಮೇಲೆ ದಕ್ಷಿಣ ಏಷ್ಯಾದವರಲ್ಲಿ ಶೇ. 23 ಮಂದಿಗೆ ಮಧುಮೇಹವಿತ್ತು; ಲ್ಯಾಟಿನೋಗಳಲ್ಲಿ ಶೇ. 17, ಬಿಳಿಯರಲ್ಲಿ ಶೇ. 6. ಇದಕ್ಕೂ ಮುನ್ನ 52 ದೇಶಗಳಲ್ಲಿ ನಡೆದು 2004ರಲ್ಲಿ ಪ್ರಕಟವಾದ ಮಹಾ ಅಧ್ಯಯನದ ಮಾಹಿತಿಯಿಂದ ಇನ್ನೊಂದು ಕಟುಸತ್ಯ ತಿಳಿದಿತ್ತು. ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ವಯಸ್ಸು ಸಾಮಾನ್ಯವಾಗಿ 53. ಇತರ ದೇಶದವರಿಗೆ ಸುಮಾರು 59. ಅದೇ ಅಧ್ಯಯನ ಒಂದು ಭರವಸೆಯನ್ನೂ ನೀಡಿತು. ಜಗತ್ತಿನಾದ್ಯಂತ ಹೃದಯಾಘಾತದ ಅಪಾಯದಲ್ಲಿ ಶೇ. 90ರಷ್ಟಕ್ಕೆ ಧೂಮಪಾನ, ಕೊಲೆಸ್ಟರಾಲ್, ರಕ್ತದೊತ್ತಡ, ಮಧುಮೇಹ, ಹೊಟ್ಟೆಯ ಬೊಜ್ಜು, ಮನಸ್ಸಿನ ಒತ್ತಡ, ಹಣ್ಣು-ತರಕಾರಿಯ ಕೊರತೆ, ವ್ಯಾಯಾಮದ ಕೊರತೆ ಮೊದಲಾದ ಒಂಬತ್ತು ಅಂಶಗಳೇ ಕಾರಣ. ಮೂಲ ಯಾವುದೇ ಇರಲಿ, ಬಾಗಿಲುಗಳು ಇವೇ. ಯಾವ ಬಾಗಿಲು ಹೆಚ್ಚು ತೆರೆದಿದೆಯೆಂಬುದು ಮಾತ್ರ ಬೇರೆ.

ಭಕ್ತರು ಗಮನಿಸಬೇಕಾದ ಅಂಶಗಳು

1. ಸಸ್ಯಾಹಾರವೊಂದೇ ಹೃದಯಕ್ಕೆ ಕವಚವಲ್ಲ. ನಮ್ಮಲ್ಲಿ ಮಾಂಸ, ಮದ್ಯಗಳಿಂದ ದೂರವಿರುವುದು ನಿಜಕ್ಕೂ ಒಳಿತು. ಆದರೆ ತಟ್ಟೆಯ ತುಂಬ ಬಿಳಿ ಅನ್ನ, ಸಂಜೆಗೆ ಮಿರ್ಚಿ ಭಜಿ, ಹಬ್ಬವಲ್ಲದ ದಿನವೂ ಹೋಳಿಗೆ-ತುಪ್ಪ, ದಿನಕ್ಕೆ ಐದಾರು ಬಾರಿ ಸಕ್ಕರೆಯ ಚಹಾ ಇದ್ದರೆ ಆ ಒಳಿತು ಕರಗಿಹೋಗುತ್ತದೆ. ಜೋಳದ ರೊಟ್ಟಿ, ಮೊಳಕೆ ಕಾಳು, ಸೊಪ್ಪಿನ ಪಲ್ಯಗಳ ಹಳೆಯ ಊಟವನ್ನು ಉಳಿಸಿಕೊಳ್ಳೋಣ. ಉಪ್ಪಿನಕಾಯಿ, ಹಪ್ಪಳ ಸೇರಿದಂತೆ ದಿನದ ಉಪ್ಪು ಐದು ಗ್ರಾಂ ಮೀರದಿರಲಿ.

2. ಸೊಂಟದ ಸುತ್ತಳತೆಯನ್ನು ಅಳೆಯಿರಿ. ಭಾರತೀಯರಲ್ಲಿ ತೂಕ ಹೆಚ್ಚಿಲ್ಲದಿದ್ದರೂ ಹೊಟ್ಟೆಯ ಸುತ್ತ ಕೊಬ್ಬು ಸೇರುತ್ತದೆ. ಪುರುಷರಲ್ಲಿ 90 ಸೆಂಟಿಮೀಟರ್, ಸ್ತ್ರೀಯರಲ್ಲಿ 80 ಸೆಂಟಿಮೀಟರ್ ದಾಟಿದರೆ ಎಚ್ಚರಿಕೆ ಅಗತ್ಯ.

3. ತಂಬಾಕು ಯಾವ ರೂಪದಲ್ಲಿಯೂ ಬೇಡ. ಬೀಡಿ, ಸಿಗರೇಟು ಮಾತ್ರವಲ್ಲ, ಗುಟ್ಕಾ ಮತ್ತು ಎಲೆ-ಅಡಿಕೆಯೊಡನೆ ಹಾಕುವ ತಂಬಾಕೂ ಬಿಡಬೇಕು. ಹಿಸ್ಪ್ಯಾನಿಕರ ದೀರ್ಘಾಯುಷ್ಯದ ಗುಟ್ಟು ಇಲ್ಲಿಯೇ ಇತ್ತೆಂಬುದನ್ನು ಮರೆಯದಿರೋಣ.

4. ಕಾಯಿಲೆ ಕಾಣಿಸಿಕೊಳ್ಳುವವರೆಗೆ ಕಾಯಬೇಡಿ. ಮೂವತ್ತು ದಾಟಿದವರು ವರ್ಷಕ್ಕೊಮ್ಮೆಯಾದರೂ ರಕ್ತದೊತ್ತಡ ಮತ್ತು ಸಕ್ಕರೆಯನ್ನು, ವೈದ್ಯರ ಸಲಹೆಯಂತೆ ಕೊಲೆಸ್ಟರಾಲನ್ನು ಪರೀಕ್ಷಿಸಿಕೊಳ್ಳಬೇಕು. ವಾರಕ್ಕೆ ಒಟ್ಟು ನೂರೈವತ್ತು ನಿಮಿಷಗಳ ಬಿರುಸಾದ ನಡಿಗೆ ಎಲ್ಲ ವಯಸ್ಕರಿಗೂ ಹಿತ. ಈಗಾಗಲೇ ಹೃದ್ರೋಗವುಳ್ಳವರು ವೈದ್ಯರನ್ನು ಕೇಳಿ ಆರಂಭಿಸಲಿ.

5. ವಿದೇಶದಲ್ಲಿರುವ ಮಕ್ಕಳಿಗೆ ಮನೆತನದ ರೋಗಚರಿತ್ರೆಯನ್ನು ತಿಳಿಸಿ. ತಂದೆಗೆ, ಚಿಕ್ಕಪ್ಪನಿಗೆ, ಸೋದರಮಾವನಿಗೆ ಯಾವ ವಯಸ್ಸಿನಲ್ಲಿ ಹೃದಯಾಘಾತವಾಯಿತು, ಯಾರಿಗೆ ಸಕ್ಕರೆ ಕಾಯಿಲೆಯಿದೆ ಎಂಬುದನ್ನು ಅವರು ಅಲ್ಲಿನ ವೈದ್ಯರಿಗೆ ಹೇಳಬೇಕು. ತಾವು ದಕ್ಷಿಣ ಏಷ್ಯಾ ಮೂಲದವರೆಂಬುದನ್ನೂ ಸ್ಪಷ್ಟವಾಗಿ ತಿಳಿಸಬೇಕು. ಮಕ್ಕಳನ್ನು ನೋಡಲು ಹೋಗುವ ಹಿರಿಯರು ತಮ್ಮ ಔಷಧಿಗಳನ್ನು ಚೀಟಿ ಸಮೇತ ಸಾಕಷ್ಟು ಒಯ್ಯಬೇಕು. ಪ್ರಯಾಣದ ಆರೋಗ್ಯ ವಿಮೆಯಿಲ್ಲದೆ ಹೊರಡಬಾರದು.

6. ಎದೆನೋವನ್ನು ವಾಯುವೆಂದು ತಳ್ಳಿಹಾಕಬೇಡಿ. ಎದೆಯಲ್ಲಿ ಬಿಗಿತ, ಎಡಗೈಗೋ ದವಡೆಗೋ ಬೆನ್ನಿಗೋ ಹರಡುವ ನೋವು, ತಣ್ಣನೆಯ ಬೆವರು, ಉಸಿರಾಟದ ತೊಂದರೆ ಕಂಡರೆ ಕೂಡಲೇ ಆಸ್ಪತ್ರೆ ಸೇರಬೇಕು. ಸ್ತ್ರೀಯರಲ್ಲಿ, ಮಧುಮೇಹಿಗಳಲ್ಲಿ ನೋವಿಲ್ಲದೆ ಸುಸ್ತು, ವಾಕರಿಕೆ, ಏದುಸಿರು ಮಾತ್ರ ಇರಬಹುದು. ನಮ್ಮಲ್ಲಿ 108ಕ್ಕೆ, ಅಮೆರಿಕದಲ್ಲಿ 911ಕ್ಕೆ ಕರೆಮಾಡಿದರೆ ಆಂಬ್ಯುಲೆನ್ಸ್ ದೊರೆಯುತ್ತದೆ.

ಸರಾಸರಿ ಎಂಬುದು ಇಡೀ ಸಮುದಾಯದ ಮಾತನ್ನು ಹೇಳುತ್ತದೆಯೇ ಹೊರತು ಅದರೊಳಗಿನ ಒಬ್ಬ ವ್ಯಕ್ತಿಯ ಎದೆಬಡಿತವನ್ನಲ್ಲ. ನಾಲ್ಕು ದಶಕಗಳ ಅಧ್ಯಯನದ ಬಳಿಕ ಹಿಸ್ಪ್ಯಾನಿಕರ ವಿಷಯದಲ್ಲಿ ವೈದ್ಯಲೋಕ ಕಲಿತ ವಿನಯ ಇದು. ಕಾಯವಿದ್ದರೆ ತಾನೇ ಕಾಯಕ, ಕಾಯಕವಿದ್ದರೆ ತಾನೇ ದಾಸೋಹ. ಈ ತಿಂಗಳು ಮಠಕ್ಕೆ ಬರುವ ಮುನ್ನವೋ ಬಂದು ಹೋದ ಮೇಲೋ ಪ್ರತಿ ಮನೆಯ ಹಿರಿಯರು ಒಮ್ಮೆ ರಕ್ತದೊತ್ತಡ ಮತ್ತು ಸಕ್ಕರೆಯ ಪರೀಕ್ಷೆ ಮಾಡಿಸಿಕೊಳ್ಳಲಿ, ದೂರದಲ್ಲಿರುವ ಮಕ್ಕಳಿಗೂ ಹೇಳಿ ಮಾಡಿಸಲಿ ಎಂದು ಆಶಿಸುತ್ತೇವೆ.